ಹೋಟೆಲಿಗೆ ಹೆಸರಿಡುವ ಮುನ್ನ ಕಿವಿಯನ್ನೂ ಕೇಳಿ

ಹೊಸ ಹೋಟೆಲಿನ ಕೋಣೆಗಳನ್ನು ಅತಿಥಿಗಳು ನೋಡುವುದು ಆಮೇಲೆ. ಅದಕ್ಕೂ ಮೊದಲೇ ಹೆಸರು ಅವರ ಕಿವಿಗೆ ಬಿದ್ದಿರುತ್ತದೆ: ಫೋನಿನಲ್ಲಿ, ಸ್ನೇಹಿತರ ಮಾತಿನಲ್ಲಿ, ಟ್ಯಾಕ್ಸಿ ಚಾಲಕನಿಗೆ ವಿಳಾಸ ಹೇಳುವಾಗ ತಮ್ಮದೇ ಬಾಯಲ್ಲಿ. ಅರ್ಥ ಗೊತ್ತಿಲ್ಲದಿದ್ದರೂ ಆ ಸದ್ದು ಮನಸ್ಸಿನಲ್ಲಿ ಒಂದು ಚಿತ್ರವನ್ನು ಮೂಡಿಸುತ್ತದೆ. ಫಲಕದ ಬಣ್ಣಕ್ಕಾಗಿ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುವ ಮಾಲೀಕರು ಹೆಸರನ್ನು ಒಮ್ಮೆಯೂ ಗಟ್ಟಿಯಾಗಿ ಹೇಳಿ ನೋಡದೆ ಅಂತಿಮಗೊಳಿಸುವುದನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ಕಾಸು ಖರ್ಚಿಲ್ಲದೆ ಮಾಡಬಹುದಾದ ಕೆಲಸವಿದು.

ಮೊದಲು ಅನುಭವವನ್ನು ಬರೆದಿಡಿ

ಹೆಸರುಗಳ ಪಟ್ಟಿಗೆ ಈಗಲೇ ಕೈ ಹಾಕಬೇಡಿ. ನಿಮ್ಮಲ್ಲಿ ಒಂದು ರಾತ್ರಿ ತಂಗಿದವರು ಯಾವುದನ್ನು ನೆನಪಿಟ್ಟುಕೊಳ್ಳಬೇಕು? ಮೌನ, ನಿಧಾನ, ಮೆತ್ತನೆಯ ಹಾಸಿಗೆಯನ್ನೇ? ಅಥವಾ ಬೆಳಗಿನ ಐದು ಗಂಟೆಗೇ ಹೊರಡುವವರಿಗೆ ಒಗ್ಗುವ ಚುರುಕುತನವನ್ನೇ? ಎರಡು ಸಾಲು ಬರೆದರೆ ಸಾಕು. ಮುಂದಿನದೆಲ್ಲವನ್ನೂ ಈ ಎರಡು ಸಾಲಿಗೆ ಹಿಡಿದು ನೋಡಬೇಕು.

ಸದ್ದಿನ ಸ್ವಭಾವ ತಿಳಿಯಿರಿ

ಮನೋವಿಜ್ಞಾನಿ ವೋಲ್ಫ್‌ಗಾಂಗ್ ಕೋಲರ್ 1929ರಲ್ಲಿ ಎರಡು ಆಕೃತಿಗಳ ಬಗ್ಗೆ ಬರೆದರು. ಒಂದಕ್ಕೆ ಮೊನಚು ಮೂಲೆಗಳು, ಇನ್ನೊಂದಕ್ಕೆ ಗುಂಡನೆಯ ಬಾಗುಗಳು. ‘ಟಕೆಟೆ’ ಯಾವುದು, ‘ಬಲುಮಾ’ ಯಾವುದು ಎಂದರೆ ಹೆಚ್ಚಿನವರು ಮೊನಚಾದುದನ್ನು ಟಕೆಟೆ ಎಂದೇ ಕರೆಯುತ್ತಾರೆ. 2001ರಲ್ಲಿ ವಿ.ಎಸ್. ರಾಮಚಂದ್ರನ್ ಮತ್ತು ಎಡ್ವರ್ಡ್ ಹಬ್ಬರ್ಡ್ ‘ಬೂಬಾ’, ‘ಕಿಕಿ’ ಎಂಬ ಪದಗಳ ಮೂಲಕ ಈ ಸಂಗತಿಯನ್ನು ಮತ್ತೆ ಚರ್ಚೆಗೆ ತಂದರು. ಆಮೇಲೆ 25 ಭಾಷೆಗಳ ಜನರ ನಡುವೆ ನಡೆದ ಅಧ್ಯಯನದಲ್ಲಿ ಶೇ 72ರಷ್ಟು ಉತ್ತರಗಳು ಹೀಗೆಯೇ ಹೊಂದಿಕೊಂಡವು; ಆದರೆ ಎಲ್ಲ ಭಾಷೆಗಳಲ್ಲೂ ಒಂದೇ ಸಮನಾಗಿ ಅಲ್ಲ. ಕನ್ನಡಿಗರಿಗೆ ಇದರಲ್ಲಿ ಅಚ್ಚರಿಯೇನಿಲ್ಲ. ‘ಗುಡುಗುಡು’ ಎಂದರೆ ಭಾರ, ‘ಕಿಣಿಕಿಣಿ’ ಎಂದರೆ ಹಗುರ ಎಂದು ನಮ್ಮ ಅನುಕರಣಾವ್ಯಯಗಳು ಎಂದೋ ಹೇಳಿಕೊಟ್ಟಿವೆ.

ವ್ಯಂಜನಗಳನ್ನು ಅಂಗೈಯಲ್ಲೇ ಪರೀಕ್ಷಿಸಬಹುದು. ಅಂಗೈಯನ್ನು ತುಟಿಯ ಹತ್ತಿರ ಹಿಡಿದು ಪ, ಟ, ಕ ಎಂದು ಹೇಳಿ. ಒಳಗೆ ಕಟ್ಟಿನಿಂತ ಉಸಿರು ಒಮ್ಮೆಲೇ ಬಿಡುಗಡೆಯಾಗುತ್ತದೆ, ಸದ್ದು ಥಟ್ಟನೆ ಮುಗಿಯುತ್ತದೆ. ಈಗ ಬೆರಳನ್ನು ಮೂಗಿನ ಪಕ್ಕಕ್ಕೆ ಒತ್ತಿ ‘ಮ್ಮ್’ ಎನ್ನಿ. ಅಲ್ಲಿ ಕಂಪನ ತಗಲುತ್ತದೆ, ಉಸಿರಿರುವಷ್ಟು ಹೊತ್ತೂ ಎಳೆಯಬಹುದು. ಮ, ನ, ಲ ತುಂಬಿದ ಹೆಸರುಗಳು ಮೃದುವಾಗಿ ಕೇಳಿಸುವುದು ಹೀಗೆ.

ಸ್ವರಗಳ ಪ್ರಭಾವವೂ ಕಡಿಮೆಯಿಲ್ಲ. ಭಾಷಾವಿಜ್ಞಾನಿ ಎಡ್ವರ್ಡ್ ಸಪೀರ್ 1929ರಲ್ಲಿ ‘ಮಿಲ್’ ಮತ್ತು ‘ಮಾಲ್’ ಎಂಬ ಅರ್ಥವಿಲ್ಲದ ಪದಗಳನ್ನು ಕೊಟ್ಟು, ಎರಡೂ ಮೇಜುಗಳೆಂದುಕೊಂಡರೆ ದೊಡ್ಡದು ಯಾವುದು ಎಂದು ಕೇಳಿದರು. ಸುಮಾರು ಶೇ 80ರಷ್ಟು ಜನ ಮಾಲ್ ಎಂದರು. ‘ಇ’ ಎನ್ನುವಾಗ ನಾಲಿಗೆ ಮೇಲೆದ್ದು ಮುಂದೆ ಸರಿಯುತ್ತದೆ, ಬಾಯಿಯ ಮುಂಭಾಗ ಕಿರಿದಾಗುತ್ತದೆ. ‘ಆ’ ಎನ್ನುವಾಗ ಬಾಯಿ ಪೂರ್ತಿ ತೆರೆಯುತ್ತದೆ. 2004ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ‘ಫ್ರಿಶ್’, ‘ಫ್ರಾಶ್’ ಎಂಬ ಕಲ್ಪಿತ ಐಸ್‌ಕ್ರೀಮ್‌ಗಳನ್ನು ಜನರ ಮುಂದಿಟ್ಟಾಗ, ಎರಡನೆಯದೇ ಹೆಚ್ಚು ಕೆನೆಭರಿತವಾಗಿರಬಹುದು ಎಂದು ಅವರು ಭಾವಿಸಿದರು. ರೆಸ್ಟೋರೆಂಟಿನ ತಿನಿಸುಗಳಿಗೆ ಹೆಸರಿಡುವವರು ಇದನ್ನು ಮರೆಯಬಾರದು.

ಹೆಸರನ್ನು ಹೊಂದಿಸಿ

ನಾನೇ ಕಟ್ಟಿದ ಎರಡು ಹೆಸರುಗಳನ್ನು ನೋಡಿ: ‘ಲುಮೋನ’, ‘ಟಿಪ್ಕಿಟ್’. ಒಂದರಲ್ಲಿ ಪರದೆ ಎಳೆದ ಕೋಣೆ ಕಾಣುತ್ತದೆ, ಇನ್ನೊಂದರಲ್ಲಿ ಎರಡು ನಿಮಿಷಕ್ಕೆ ಕೀಲಿ ಕೈಗಿಡುವ ಕೌಂಟರ್. ಎರಡೂ ಒಳ್ಳೆಯ ಹೆಸರುಗಳೇ. ಅದಲುಬದಲಾದಾಗ ಮಾತ್ರ ಕಷ್ಟ. ವಿಶ್ರಾಂತಿಗೆಂದು ಹೊರಟವರನ್ನು ಟಿಪ್ಕಿಟ್ ದಾರಿಯಲ್ಲೇ ಗಡಿಬಿಡಿಗೊಳಿಸುತ್ತದೆ. ನಿಮ್ಮ ಎರಡು ಸಾಲುಗಳನ್ನು ಪಕ್ಕದಲ್ಲಿಟ್ಟುಕೊಂಡು ಐದಾರು ಹೆಸರುಗಳನ್ನು ಆರಿಸಿಕೊಳ್ಳಿ.

ಫೋನಿನಲ್ಲಿ ಪರೀಕ್ಷಿಸಿ

ಈ ಹಂತವನ್ನು ದಯವಿಟ್ಟು ಬಿಡಬೇಡಿ. ಸಾಂಪ್ರದಾಯಿಕ ದೂರವಾಣಿ ಜಾಲ ಸಾಗಿಸುವುದು ಸುಮಾರು 300ರಿಂದ 3400 ಹರ್ಟ್ಜ್‌ವರೆಗಿನ ಧ್ವನಿಯನ್ನು ಮಾತ್ರ. ‘ಸ’ಕಾರದ ಶಕ್ತಿಯೆಲ್ಲ ಬಹುತೇಕ ಅದರಾಚೆಗಿದೆ. ಹಾಗಾಗಿ ಫೋನಿನಲ್ಲಿ ಸ ಮತ್ತು ಇಂಗ್ಲಿಷಿನ ಫ ಒಂದೇ ರೀತಿ ಕೇಳಿಸಬಹುದು. ಮ ಮತ್ತು ನ ಕೂಡ ಸುಲಭವಾಗಿ ಬೆರೆತುಹೋಗುತ್ತವೆ. ಹೆಸರನ್ನು ಎಂದೂ ಕಾಣದ ಹತ್ತು ಜನರಿಗೆ ಕರೆ ಮಾಡಿ, ಒಮ್ಮೆ ಮಾತ್ರ ಹೇಳಿ, ಬರೆದುಕೊಳ್ಳಲು ಬಿಡಿ. ಅವರು ಬರೆದದ್ದು ನಿಮ್ಮ ಹೆಸರಿಗೆ ಹತ್ತಿರವಿಲ್ಲದಿದ್ದರೆ ನಾಳೆ ಅಂತರ್ಜಾಲದಲ್ಲಿ ಹುಡುಕುವವರಿಗೂ ನೀವು ಸಿಗುವುದಿಲ್ಲ.

ಸರಿಯಾದ ಪ್ರಶ್ನೆ ಕೇಳಿ

‘ಹೆಸರು ಚೆನ್ನಾಗಿದೆಯೇ?’ ಎಂದು ಕೇಳಿದರೆ ಯಾರೂ ಮನಸ್ಸು ನೋಯಿಸುವುದಿಲ್ಲ. ಎರಡು ಹೆಸರುಗಳನ್ನು ಓದಿ ಹೇಳಿ, ಎಲ್ಲಿ ಬಾಡಿಗೆ ಹೆಚ್ಚಿರಬಹುದು, ಎಲ್ಲಿ ಹಾಸಿಗೆ ದಪ್ಪಗಿರಬಹುದು, ವಯಸ್ಸಾದ ತಾಯಿಯನ್ನು ಎಲ್ಲಿಗೆ ಕರೆದೊಯ್ಯುತ್ತೀರಿ ಎಂದು ಕೇಳಿ. ಅರ್ಧದಷ್ಟು ಜನರಿಗೆ ಹೆಸರುಗಳ ಕ್ರಮವನ್ನು ತಿರುಗಿಸಿ. ಬೇರೆ ಭಾಷೆಯ ಅತಿಥಿಗಳು ಬರುವುದಿದ್ದರೆ ಆ ಭಾಷೆಯವರನ್ನೂ ಕೇಳಿ, ಅಪಾರ್ಥವೇನಾದರೂ ಅಡಗಿದ್ದರೆ ಆಗಲೇ ತಿಳಿಯುತ್ತದೆ. ಟ್ರೇಡ್‌ಮಾರ್ಕ್ ಹುಡುಕಾಟವನ್ನೂ ಇದೇ ವಾರ ಮುಗಿಸಿಬಿಡಿ.

ಸದ್ದೊಂದೇ ಎಲ್ಲವನ್ನೂ ನಿರ್ಧರಿಸುವುದಿಲ್ಲ ಎಂಬುದನ್ನೂ ಹೇಳಲೇಬೇಕು. ಸೆಜಾರ್ ರಿಟ್ಜ್ 1898ರಲ್ಲಿ ಪ್ಯಾರಿಸ್‌ನಲ್ಲಿ ತೆರೆದ ಹೋಟೆಲಿನ ಹೆಸರು ಬರೀ ಒಂದು ಚುಟುಕು, ಚೂಪು ಸದ್ದು. ಮೇಲಿನ ಲೆಕ್ಕದ ಪ್ರಕಾರ ಅದು ವೈಭವವನ್ನು ಸೂಚಿಸಬಾರದಿತ್ತು. ಆದರೂ ಇಂಗ್ಲಿಷಿನಲ್ಲಿ ‘ರಿಟ್ಜಿ’ ಎಂಬ ಪದವೇ ಹುಟ್ಟುವಷ್ಟು ಅಲ್ಲಿನ ಉಪಚಾರ ಆ ಹೆಸರನ್ನು ಬೆಳೆಸಿತು. ಹೊಸಬರಿಗೆ ಮಾತ್ರ ಆ ಖ್ಯಾತಿಯ ಬೆಂಬಲವಿರುವುದಿಲ್ಲ. ಮೊದಲ ಕರೆ ಬರುವ ಹೊತ್ತಿಗೆ ಅವರ ಕೈಯಲ್ಲಿರುವುದು ಆ ಸದ್ದು ಮಾತ್ರ.

ಕೊನೆಗೆ ಉಳಿದ ಒಂದೆರಡು ಹೆಸರುಗಳನ್ನು ಸ್ವಾಗತಕಾರರ ಕೈಗೆ ಕೊಡಿ. ದಿನವಿಡೀ ಅದನ್ನು ಉಚ್ಚರಿಸಬೇಕಾದವರು ಅವರು. ‘ನಮಸ್ಕಾರ’ದ ಜೊತೆ ಸೇರಿಸಿ ಇಪ್ಪತ್ತು ಸಲ ಹೇಳಲಿ. ಇಪ್ಪತ್ತನೆಯ ಸಲವೂ ನಾಲಿಗೆ ತೊಡರದಿದ್ದರೆ ಫಲಕ ಬರೆಯುವವರನ್ನು ಕರೆಸಬಹುದು.