ವಿದೇಶದಲ್ಲಿ ರಿಸರ್ಚ್ ಮಾಡ್ತೀರಾ? ಪಿಆರ್ ಲೆಕ್ಕ ಇಲ್ಲಿಂದಲೇ ಶುರು ಮಾಡಿ

ದಾವಣಗೆರೆಯ ಬಿಐಇಟಿಯಲ್ಲೋ ಯುಬಿಡಿಟಿಯಲ್ಲೋ ಇಂಜಿನಿಯರಿಂಗ್ ಮುಗಿಸಿ, ಇಲ್ಲಾ ದಾವಣಗೆರೆ ವಿವಿಯ ಶಿವಗಂಗೋತ್ರಿ ಕ್ಯಾಂಪಸ್‌ನಲ್ಲಿ ಎಂಎಸ್ಸಿ ಮಾಡಿ, ಹೊರದೇಶದಲ್ಲಿ ಪಿಎಚ್‌ಡಿಗೋ ಪೋಸ್ಟ್‌ಡಾಕ್‌ಗೋ (ಪಿಎಚ್‌ಡಿ ಆದಮೇಲಿನ ಸಂಶೋಧನಾ ಕೆಲಸ) ಜಾಗ ಸಿಕ್ಕಿತು ಅಂದುಕೊಳ್ಳಿ. ವೀಸಾ, ಟಿಕೆಟ್, ಚಳಿಗೆ ಜಾಕೆಟ್ ಅಂತ ಮನೆಯವರೆಲ್ಲ ಓಡಾಡುತ್ತಾರೆ. ಪಿಆರ್, ಅಂದರೆ ಅಲ್ಲೇ ಕಾಯಂ ಆಗಿ ಇರುವ ಪರವಾನಗಿ, ಅದನ್ನು ಆಮೇಲೆ ನೋಡೋಣ ಅಂತ ಬಿಡುತ್ತಾರೆ. ಆದರೆ ಅದು ಎಷ್ಟು ವರ್ಷಕ್ಕೆ ಸಿಗುತ್ತದೆ ಅನ್ನುವುದು ಬಹಳ ಸಲ ನೀವು ಮೊದಲು ಸಹಿ ಹಾಕುವ ಕಾಗದದಲ್ಲೇ ತೀರ್ಮಾನ ಆಗಿರುತ್ತದೆ.

ಮೊದಲು ಆಫರ್ ಲೆಟರ್ ಓದಿ

ಸಂಬಳವೋ, ಸ್ಕಾಲರ್‌ಶಿಪ್ಪೋ? ಜರ್ಮನಿಗೆ ಹೋಗುವವರಿಗೆ ಇದೇ ದೊಡ್ಡ ಪ್ರಶ್ನೆ. ಅಲ್ಲಿ ಸಂಶೋಧಕರ ಪರವಾನಗಿಯಲ್ಲಿ 3 ವರ್ಷ ಇದ್ದು, 36 ತಿಂಗಳು ಪಿಂಚಣಿ ನಿಧಿಗೆ ಹಣ ಕಟ್ಟಿ, ಬಿ1 (ಮಧ್ಯಮ) ಮಟ್ಟದ ಜರ್ಮನ್ ಕಲಿತಿದ್ದರೆ ಪಿಆರ್‌ಗೆ ಅರ್ಜಿ ಹಾಕಬಹುದು. ಜರ್ಮನಿಯಲ್ಲೇ ಡಿಗ್ರಿಯೋ ಪಿಎಚ್‌ಡಿಯೋ ಮುಗಿಸಿದವರಿಗೆ, ಆಮೇಲೆ ಕೆಲಸ ಮಾಡಿದ 2 ವರ್ಷ ಸಾಕು. ಕೆಲಸದ ಕಾಂಟ್ರಾಕ್ಟ್ ಇದ್ದರೆ ಪಿಂಚಣಿ ಹಣ ಸಂಬಳದಲ್ಲೇ ಮುರಿದುಕೊಳ್ಳುತ್ತಾರೆ. ಸ್ಕಾಲರ್‌ಶಿಪ್‌ನಲ್ಲಿ ಹಾಗೆ ಮುರಿಯುವುದಿಲ್ಲ, ಅಂದರೆ ಆ ತಿಂಗಳುಗಳು ತಾವಾಗಿಯೇ ಲೆಕ್ಕಕ್ಕೆ ಸೇರುವುದಿಲ್ಲ. ಸ್ಕಾಲರ್‌ಶಿಪ್ ಬಂದರೆ ಊರಲ್ಲಿ ಹೆಮ್ಮೆ ಜಾಸ್ತಿ, ಸರಿ. ಆದರೂ ಎರಡೂ ಸಿಕ್ಕಿದರೆ ನಾನಾದರೆ ಕಾಂಟ್ರಾಕ್ಟ್ ಹಿಡಿಯಿರಿ ಅಂತೀನಿ.

ಇನ್ನೂ ಬೇಗ ಆಗಬೇಕು ಅಂದರೆ ಬ್ಲೂ ಕಾರ್ಡ್, ಅಂದರೆ ಒಳ್ಳೆ ಸಂಬಳದ ಪದವೀಧರರಿಗೆ ಕೊಡುವ ಕೆಲಸದ ಪರವಾನಗಿ. ಇದರಲ್ಲಿ ಎ1 (ಆರಂಭಿಕ ಮಟ್ಟದ) ಜರ್ಮನ್ ಇದ್ದರೆ ಪಿಆರ್‌ಗೆ 27 ತಿಂಗಳು, ಬಿ1 ಇದ್ದರೆ 21 ತಿಂಗಳು. ಇದಕ್ಕೆ ಸಂಬಳದ ಮಿತಿ ಇದೆ: 2025ರಲ್ಲಿ ವರ್ಷಕ್ಕೆ 48,300 ಯೂರೋ, ವಿಜ್ಞಾನ ಮತ್ತು ಇಂಜಿನಿಯರಿಂಗ್‌ನಂಥ ಕ್ಷೇತ್ರಕ್ಕೆ 43,759.80. ಈ ಅಂಕಿ ಪ್ರತಿ ವರ್ಷ ಬದಲಾಗುತ್ತದೆ, ಆ ವರ್ಷದ್ದನ್ನೇ ನೋಡಿ. ಪೂರ್ಣಾವಧಿ ಪೋಸ್ಟ್‌ಡಾಕ್ ಸಂಬಳ ಸಾಮಾನ್ಯವಾಗಿ ಇದನ್ನು ದಾಟುತ್ತದೆ. ಪಿಎಚ್‌ಡಿಯವರಿಗೆ ಬಹಳ ಕಡೆ ಪೂರ್ಣಾವಧಿಯ ಶೇ 50 ಅಥವಾ ಶೇ 65ರ ಹುದ್ದೆ ಕೊಡುತ್ತಾರೆ, ಅದರಲ್ಲಿ ದಾಟುವುದಿಲ್ಲ. ಭಾಷೆ ಆಮೇಲೆ ಕಲಿತರಾಯಿತು ಅನ್ನಬೇಡಿ. ಲ್ಯಾಬ್‌ನಲ್ಲಿ ಎಲ್ಲ ಇಂಗ್ಲಿಷಲ್ಲೇ ನಡೆಯುತ್ತದೆ, ಕೊನೆಗೆ ಬಿ1 ಒಂದೇ ಬಾಕಿ ಉಳಿಯುತ್ತದೆ.

ಅಮೆರಿಕದ ಸಾಲು

ಇಲ್ಲಿ ಕಥೆಯೇ ಬೇರೆ. ಅಲ್ಲಿನ ಪಿಆರ್‌ಗೆ ಗ್ರೀನ್ ಕಾರ್ಡ್ ಅಂತಾರೆ. ಕೆಲಸದ ಆಧಾರದ ಮೇಲೆ ಕೊಡುವ ಅದರ ವರ್ಗಗಳೇ ಇಬಿ-1, ಇಬಿ-2 ಇತ್ಯಾದಿ. ಸಂಶೋಧಕರಿಗೆ ಮುಖ್ಯವಾಗಿ ಮೂರು ದಾರಿ. ಇಬಿ-1ಎ ಅಂದರೆ ಅಸಾಧಾರಣ ಸಾಧನೆ ಮಾಡಿದವರಿಗೆ, 10 ಮಾನದಂಡದಲ್ಲಿ ಕನಿಷ್ಠ 3 ತೋರಿಸಬೇಕು, ಅರ್ಜಿ ನೀವೇ ಹಾಕಬಹುದು. ಇಬಿ-1ಬಿಗೆ ಯೂನಿವರ್ಸಿಟಿಯೋ ಕಂಪನಿಯೋ ಅರ್ಜಿ ಹಾಕಬೇಕು, ನಿಮಗೆ 3 ವರ್ಷದ ಅನುಭವ ಇರಬೇಕು. ಮೂರನೆಯದು ಇಬಿ-2ರಲ್ಲಿ ರಾಷ್ಟ್ರೀಯ ಹಿತಾಸಕ್ತಿ ವಿನಾಯಿತಿ, ಇದಕ್ಕೂ ಉದ್ಯೋಗದಾತರು ಬೇಕಿಲ್ಲ.

ಅರ್ಜಿ ಮಂಜೂರಾದ ಕೂಡಲೇ ಗ್ರೀನ್ ಕಾರ್ಡ್ ಕೈಗೆ ಬರುತ್ತದೆ ಅಂದುಕೊಳ್ಳಬೇಡಿ. ಯಾವುದೇ ಒಂದು ದೇಶಕ್ಕೆ ವರ್ಷಕ್ಕೆ ಶೇ 7ರ ಮಿತಿ ಇದೆ, ಭಾರತದವರ ಸಾಲು ಉದ್ದ. 2025ರಲ್ಲಿ ಇಬಿ-2 ಭಾರತದ ಸಾಲು ಇನ್ನೂ 2013ರ ಅರ್ಜಿಗಳ ಹತ್ತಿರ ಇತ್ತು! ಇಬಿ-1ರ ಸಾಲು ಅದಕ್ಕಿಂತ ಎಷ್ಟೋ ಮುಂದಿದೆ, ಹಾಗಾಗಿ ಸುಲಭದ ಇಬಿ-2 ಅರ್ಜಿಯನ್ನು ಈಗಲೇ ಹಾಕಿ ಸಾಲಿನಲ್ಲಿ ತಾರೀಖು ಹಿಡಿದು, ಪೇಪರ್‌ಗಳು ಹೆಚ್ಚಾದ ಮೇಲೆ ಇಬಿ-1ಕ್ಕೆ ಹೋಗುವವರು ಜಾಸ್ತಿ. ಮೊದಲ ತಾರೀಖು ಅಲ್ಲೂ ಉಪಯೋಗಕ್ಕೆ ಬರುತ್ತದೆ. ಸಾಲು ನೋಡುವುದು ಪಾಸ್‌ಪೋರ್ಟ್ ಮೇಲಲ್ಲ, ಹುಟ್ಟಿದ ದೇಶದ ಮೇಲೆ. ಗಂಡನೋ ಹೆಂಡತಿಯೋ ಬೇರೆ ದೇಶದಲ್ಲಿ ಹುಟ್ಟಿದ್ದರೆ ಅವರ ದೇಶದ ಸಾಲಿಗೆ ಸೇರಿಕೊಳ್ಳಬಹುದು. ಜೆ-1 ವೀಸಾದಲ್ಲಿ (ವಿನಿಮಯ ಕಾರ್ಯಕ್ರಮದವರಿಗೆ ಕೊಡುವುದು) ಹೋಗುವವರು, ಎರಡು ವರ್ಷ ಊರಿಗೆ ವಾಪಸ್ ಬಂದು ಇರಬೇಕು ಅನ್ನುವ ಷರತ್ತು ನಿಮಗೆ ಬೀಳುತ್ತದಾ ಅಂತ ಮೊದಲೇ ಕೇಳಿ.

ಇನ್ನು ಜಪಾನ್‌ನಲ್ಲಿ ವಿದ್ಯೆ, ಅನುಭವದಂಥವಕ್ಕೆ ಕೊಡುವ ಅಂಕದ ಲೆಕ್ಕ: 70 ಅಂಕ ಇದ್ದರೆ 3 ವರ್ಷಕ್ಕೆ, 80 ಅಂಕ ಇದ್ದರೆ 1 ವರ್ಷಕ್ಕೆ ಪಿಆರ್‌ಗೆ ಅರ್ಜಿ ಹಾಕಬಹುದು. ಸಂಶೋಧಕರಿಗೆ ಪಿಎಚ್‌ಡಿ ಒಂದಕ್ಕೇ 30 ಅಂಕ. ತೆರಿಗೆ, ಪಿಂಚಣಿ ಕಂತು ತಡ ಮಾಡಿದ್ದರೆ ಮಾತ್ರ ಕಷ್ಟ.

ಊರಿನ ಕಾಗದ ಸರಿ ಮಾಡಿಕೊಳ್ಳಿ

ನಮ್ಮ ಕಡೆಯವರು ಸಿಕ್ಕಿಬೀಳುವುದು ಇಲ್ಲೇ. ಚೊಚ್ಚಲ ಹೆರಿಗೆಗೆ ತಾಯಿ ತವರಿಗೆ ಹೋಗಿರುತ್ತಾರೆ, ಅಲ್ವಾ? ಹಾಗಾಗಿ ಬೆಳೆದದ್ದು ದಾವಣಗೆರೆಯಲ್ಲಾದರೂ ಜನನ ನೋಂದಣಿ ಹೊಸದುರ್ಗದಲ್ಲೋ ಹರಿಹರದಲ್ಲೋ ಇರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಮಾತ್ರ ಸುಮ್ನೆ ದಾವಣಗೆರೆ ಅಂತ ಬರೆಸಿರುತ್ತಾರೆ. ಹಳೇ ಪ್ರಮಾಣಪತ್ರದಲ್ಲಿ ಎಷ್ಟೋ ಸಲ ಮಗುವಿನ ಹೆಸರೇ ಇರುವುದಿಲ್ಲ, ತಂದೆ ತಾಯಿ ಹೆಸರು, ಗಂಡೋ ಹೆಣ್ಣೋ ಅಷ್ಟೇ. ಅಮೆರಿಕದ ಗ್ರೀನ್ ಕಾರ್ಡ್‌ಗೆ ಜನನ ಪ್ರಮಾಣಪತ್ರ ಬೇಕೇ ಬೇಕು. ನೋಂದಣಿ ಆದ ಕಚೇರಿಯಲ್ಲೇ ಹೆಸರು ಸೇರಿಸಿ ಹೊಸ ಪ್ರತಿ ತೆಗೆದುಕೊಳ್ಳಿ. ನೋಂದಣಿಯೇ ಇಲ್ಲದಿದ್ದರೆ ಲಭ್ಯವಿಲ್ಲ ಅನ್ನುವ ಪತ್ರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಅಫಿಡವಿಟ್ ಜೋಡಿಸಬೇಕಾಗುತ್ತದೆ.

ಇನ್ನೊಂದು ಇನಿಷಿಯಲ್ ಕಾಟ. ಅಂಕಪಟ್ಟಿಯಲ್ಲಿ ಶ್ವೇತಾ ಎಂ ಆರ್, ಪಾಸ್‌ಪೋರ್ಟ್‌ನಲ್ಲಿ ಉಪನಾಮ ಖಾಲಿ, ಪ್ರಕಟವಾದ ಪೇಪರ್‌ನಲ್ಲಿ ಎಂ. ಆರ್. ಶ್ವೇತಾ. ಇಬಿ-1ಕ್ಕೆ ಪೇಪರ್‌ಗಳೇ ಸಾಕ್ಷಿ, ಆದ್ದರಿಂದ ಮೊದಲ ಪೇಪರ್‌ನಿಂದಲೇ ಒಂದೇ ಹೆಸರು ಇಟ್ಟುಕೊಳ್ಳಿ. ಆರ್ಕಿಡ್ (ORCID) ಅಂತ 16 ಅಂಕಿಯ ಸಂಶೋಧಕ ಸಂಖ್ಯೆ ಪುಕ್ಕಟೆ ಸಿಗುತ್ತದೆ, ಇವತ್ತೇ ಮಾಡಿಸಿ.

ಪಿಆರ್ ಸಿಕ್ಕ ಮೇಲೆ

ಸಿಕ್ಕದ್ದು ಹೋಗಲೂಬಹುದು. ಜರ್ಮನಿಯಿಂದ 6 ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಸಾಮಾನ್ಯವಾಗಿ ಪರವಾನಗಿ ರದ್ದು. ಅಪ್ಪನ ಆಪರೇಷನ್ ಅಂತ ಊರಿಗೆ ಬಂದು ಜಾಸ್ತಿ ದಿನ ಉಳಿಯಬೇಕಾದರೆ, ಹೊರಡುವ ಮೊದಲೇ ಅಲ್ಲಿನ ವಿದೇಶಿಯರ ಕಚೇರಿಯಲ್ಲಿ ಹೆಚ್ಚಿನ ಅವಧಿಗೆ ಬರಹದಲ್ಲಿ ಒಪ್ಪಿಗೆ ಕೇಳಿ. ಅಮೆರಿಕದ ಗ್ರೀನ್ ಕಾರ್ಡ್ ಇದ್ದವರು ಹೊರಗೆ ಒಂದು ವರ್ಷ ದಾಟುವುದಾದರೆ ರೀ-ಎಂಟ್ರಿ ಪರ್ಮಿಟ್ (ವಾಪಸ್ ಬರಲು ಪರವಾನಗಿ) ಬೇಕು, ಅದರ ಅರ್ಜಿಯನ್ನು ಅಮೆರಿಕದಲ್ಲಿ ಇರುವಾಗಲೇ ಹಾಕಬೇಕು.