ನೀತಿ ಸಿದ್ಧಾಂತಗಳನ್ನು ಒಂದೇ ದೋಣಿಗೆ ಹತ್ತಿಸಿ ನೋಡಿ

ಧಾರವಾಡದಲ್ಲಿ ಕನ್ನಡ ಮಾಧ್ಯಮದಲ್ಲೇ ಯುಪಿಎಸ್‌ಸಿ ಬರೆಯುವವರಿಗೆ ನಾನು ನೀತಿಶಾಸ್ತ್ರ ಹೇಳಿಕೊಡುತ್ತೇನೆ. 250 ಅಂಕದ ಪತ್ರಿಕೆ ಅದು. ವಿದ್ಯಾರ್ಥಿಗಳು ಬೆಂಥಮ್, ಕಾಂಟ್, ಅರಿಸ್ಟಾಟಲ್ ಅಂತ ಮೂವರು ತತ್ವಜ್ಞಾನಿಗಳಿಗೆ ಮೂರು ಕಾಲಂ ಹಾಕಿ, ಕೆಳಗೆ ಗುಣ-ದೋಷ ಬರೆದು ತರುತ್ತಾರೆ. ನನಗೆ ಆ ಪಟ್ಟಿ ಕಂಡರೆ ಆಗಲ್ಲ. ಎಲ್ಲರದ್ದೂ ಒಂದೇ ಗೈಡಿನ ಸಾಲು. ಅದರ ಬದಲು ಒಂದು ನಿಜ ಪ್ರಕರಣ ಹಿಡಿಯಿರಿ. ಅದರಲ್ಲಿ ಒಂದೊಂದೇ ಸಂಗತಿ ಬದಲಿಸಿ. ಯಾರ ಉತ್ತರ ಕದಲುತ್ತದೆ, ಯಾರದ್ದು ಕದಲುವುದಿಲ್ಲ ನೋಡಿ.

ನಾನು ಕೊಡುವುದು ಮಿನ್ಯೊನೆಟ್ ಹಡಗಿನ ಪ್ರಕರಣ. ಇಂಗ್ಲೆಂಡಿನಿಂದ ಸಿಡ್ನಿಗೆ ಹೊರಟಿದ್ದ ಈ ಹಡಗು 1884ರ ಜುಲೈನಲ್ಲಿ ಮುಳುಗಿತು. ಸಣ್ಣ ದೋಣಿಯಲ್ಲಿ ಉಳಿದವರು ನಾಲ್ವರು: ಕ್ಯಾಪ್ಟನ್ ಡಡ್ಲಿ, ಸ್ಟೀಫನ್ಸ್, ಬ್ರೂಕ್ಸ್, ಮತ್ತು 17ರ ಹುಡುಗ ಪಾರ್ಕರ್. ತಿನ್ನಲು ಎರಡು ಡಬ್ಬಿ ಟರ್ನಿಪ್, ಮಧ್ಯೆ ಸಿಕ್ಕ ಒಂದು ಆಮೆ. ಕುಡಿಯಲು ನೀರಿಲ್ಲ. ಸಮುದ್ರದ ನೀರು ಕುಡಿದು ಹುಡುಗ ಕಾಯಿಲೆ ಬಿದ್ದು ಮಲಗಿಬಿಟ್ಟ. ಸುಮಾರು 20ನೇ ದಿನ ಡಡ್ಲಿ ಅವನನ್ನು ಕೊಂದ. ಸ್ಟೀಫನ್ಸ್ ಒಪ್ಪಿದ್ದ, ಬ್ರೂಕ್ಸ್ ಒಪ್ಪಿರಲಿಲ್ಲ. ತಿಂದದ್ದು ಮಾತ್ರ ಮೂವರೂ. ಕೆಲವೇ ದಿನಕ್ಕೆ ಜರ್ಮನ್ ಹಡಗೊಂದು ಬಂದು ಅವರನ್ನು ಎತ್ತಿಕೊಂಡಿತು.

ಮೊದಲು ಬೆಂಥಮ್. ಹೆಚ್ಚು ಜನರಿಗೆ ಹೆಚ್ಚು ಒಳಿತಾಗುವುದೇ ಸರಿ ಅನ್ನುವವನು. ಹೇಗೂ ಸಾಯುವ ಒಬ್ಬನಿಂದ ಮೂವರು ಉಳಿದರು, ಲೆಕ್ಕ ಸರಿಯಾಯಿತು ಅಲ್ವಾ? ಈಗ ಆ ಜರ್ಮನ್ ಹಡಗು ಕೊಂದ ಮರುದಿನ ಬೆಳಿಗ್ಗೆಯೇ ಬಂತು ಅಂದುಕೊಳ್ಳಿ. ಕೊಲ್ಲದಿದ್ದರೂ ಮೂವರು ಉಳಿಯುತ್ತಿದ್ದರು. ಲೆಕ್ಕ ತಲೆಕೆಳಗು. ನಾಳೆ ಏನಾಗುತ್ತದೆ ಅಂತ ದೋಣಿಯಲ್ಲಿದ್ದವರಿಗೆ ಗೊತ್ತಿರಲಿಲ್ಲ, ಅದೇ ಈ ವಾದದ ದೊಡ್ಡ ತೊಡಕು. ಇನ್ನೊಂದು ಪ್ರಶ್ನೆ ಹಾಕಿ: ಕಷ್ಟ ಬಂದರೆ ಕೈಲಾಗದವನೇ ಮೊದಲು ಅನ್ನುವುದು ರೂಢಿಯಾದರೆ, ಯಾವ ತಾಯಿ ಮಗನನ್ನು ಹಡಗಿಗೆ ಕಳಿಸುತ್ತಾಳೆ? ಆ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಒಂದೊಂದು ಕೆಲಸವನ್ನಲ್ಲ, ನಿಯಮವನ್ನು ತೂಗಬೇಕು ಎಂಬ ವಾದಕ್ಕೆ ಬಲ ಬರುವುದು ಇಲ್ಲೇ.

ಕಾಂಟ್ ಕದಲುವುದಿಲ್ಲ. ಮನುಷ್ಯನನ್ನು ಬರೀ ಸಾಧನವಾಗಿ ಬಳಸಬಾರದು ಅನ್ನುವುದು ಅವನ ನಿಯಮ. ಹಡಗು ನಾಳೆ ಬರಲಿ, ಬಿಡಲಿ, ಹುಡುಗ ಯಾರ ಹಸಿವಿಗೂ ಸಾಧನವಲ್ಲ. ಬಲವಿಲ್ಲದವನಿಗೆ ಇಷ್ಟು ಗಟ್ಟಿ ಆಸರೆ ಬೇರೆ ಕಡೆ ಸಿಗುವುದು ಕಷ್ಟ. ಈಗ ಪಾರ್ಕರ್ ತಾನೇ ‘ನನ್ನನ್ನು ತಗೊಳ್ಳಿ’ ಅಂದ ಎಂದಿಟ್ಟುಕೊಳ್ಳಿ. ‘ಹಾಗಾದರೆ ಕಾಂಟ್ ಒಪ್ಪುತ್ತಾನೆ’ ಅಂತ ಬಹಳ ಜನ ಬರೆಯುತ್ತಾರೆ. ಇಲ್ಲ. ನಿಮ್ಮ ಜೀವವೂ ನಿಮಗೆ ಬರೀ ಸಾಧನವಲ್ಲ ಅನ್ನುತ್ತಾನೆ ಅವನು. ದೌರ್ಬಲ್ಯವೂ ಇಲ್ಲೇ ಇದೆ. ಏನು ಮಾಡಬಾರದು ಅಂತ ಹೇಳಿ ಸುಮ್ನಾಗುತ್ತಾನೆ. ನಾಲ್ವರೂ ಸತ್ತರೂ ಅವನ ಉತ್ತರ ಅದೇ.

ಯಾರು ಸಾಯಬೇಕೆಂದು ಚೀಟಿ ಎತ್ತಿದ್ದರೆ? ಆಗ, ತನ್ನ ಸ್ಥಾನ ಯಾವುದೆಂದು ತಿಳಿಯದವರು ಒಪ್ಪುವ ನಿಯಮವೇ ನ್ಯಾಯ ಅನ್ನುವ ತತ್ವಜ್ಞಾನಿ ರಾಲ್ಸ್‌ನನ್ನು ಕರೆಯಿರಿ. ದೋಣಿಯಲ್ಲಿ ನಾನು ಯಾರಾಗುತ್ತೇನೆ ಅಂತ ಗೊತ್ತಿಲ್ಲದಿದ್ದರೆ ಚೀಟಿಗೆ ಒಪ್ಪಿಯೇನು. ಆದರೆ ಕೊಲ್ಲುವುದೇ ಸರಿಯೇ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಅರಿಸ್ಟಾಟಲ್ ಕಣ್ಣು ಮನುಷ್ಯರ ಗುಣದ ಮೇಲೆ. ಡಡ್ಲಿ ಫಾಲ್‌ಮೌತ್ ಬಂದರಿನಲ್ಲಿ ಇಳಿದು ಏನೂ ಮುಚ್ಚಿಡದೆ ಹೇಳಿದ. ಬ್ರೂಕ್ಸ್ ಬೇಡವೆಂದವನು ತಿಂದ. ಇಂಥ ವ್ಯತ್ಯಾಸ ಬೆಂಥಮ್‌ನ ತಕ್ಕಡಿಗೆ ಸಿಗುವುದೇ ಇಲ್ಲ. ಆದರೆ ದೋಣಿಯಲ್ಲಿ ಕೂತು ‘ಈಗೇನು ಮಾಡಲಿ?’ ಅಂದರೆ, ‘ವಿವೇಕಿ ಮಾಡುವುದನ್ನು ಮಾಡು’ ಎಂಬ ಉತ್ತರದಿಂದ ಹೊಟ್ಟೆ ತುಂಬಲ್ಲ.

ಕೊನೆಗೆ ಈ ಅಭ್ಯಾಸ ಮಾಡಿ. ನ್ಯಾಯಾಲಯ ಇದು ಕೊಲೆಯೇ ಅಂದು ಡಡ್ಲಿ, ಸ್ಟೀಫನ್ಸ್ ಇಬ್ಬರಿಗೂ ಮರಣದಂಡನೆ ಕೊಟ್ಟಿತು. ಆಮೇಲೆ ಅದನ್ನು ಆರು ತಿಂಗಳ ಜೈಲಿಗೆ ಇಳಿಸಲಾಯಿತು. ತೀರ್ಪಿನ ಹಿಂದೆ ಯಾವ ಸಿದ್ಧಾಂತವಿದೆ, ಶಿಕ್ಷೆ ಇಳಿಸಿದ್ದರ ಹಿಂದೆ ಯಾವುದು? ಅರ್ಧ ಪುಟ ಸಾಕು, ಕಾಲಂ ಹಾಕದೆ ಬರೆಯಿರಿ.