ಊರಿನ ಗ್ಯಾಲರಿಗೆ ನಿಮ್ಮ ಚಿತ್ರವೂ ಹೋಗಲಿ

ಸಿಡ್ನಿಯ ನೈಋತ್ಯ ಭಾಗಕ್ಕೆ, ಅಂದರೆ ಲಿವರ್‌ಪೂಲ್, ಕ್ಯಾಂಬೆಲ್‌ಟೌನ್, ಓರನ್ ಪಾರ್ಕ್ ಕಡೆಗೆ ಹೊಸದಾಗಿ ಬಂದ ಕನ್ನಡದವರಿಗೆ ಇಂಡಿಯನ್ ಅಂಗಡಿ, ದೇವಸ್ಥಾನ, ಕನ್ನಡ ಸಂಘ ಎಲ್ಲಾ ಬೇಗ ಗೊತ್ತಾಗುತ್ತವೆ. ಊರಿನ ಆರ್ಟ್ ಗ್ಯಾಲರಿ ಮಾತ್ರ ಎಷ್ಟೋ ವರ್ಷ ಕಣ್ಣಿಗೇ ಬೀಳುವುದಿಲ್ಲ. ಅದು ದುಡ್ಡಿದ್ದವರ ಜಾಗ, ಕಲೆ ಓದಿದವರ ಜಾಗ ಅಂತ ಸುಮ್ನೆ ಅಂದುಕೊಂಡುಬಿಡುತ್ತೇವೆ. ನಮ್ಮಲ್ಲಿ ಚಿತ್ರ ಬರೆಯುವವರು ಇಷ್ಟು ಜನ ಇದ್ದೂ ಹೀಗಾಗುವುದು ನನಗೆ ನಿಜವಾಗಿ ಬೇಸರದ ವಿಷಯ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮಿಂಟೋದ ಮುಕ್ತಿ ಗುಪ್ತೇಶ್ವರ ದೇವಸ್ಥಾನಕ್ಕೆ ನೀವು ಹೋಗೇ ಹೋಗುತ್ತೀರಿ. ಅಲ್ಲಿಂದ ರೈಲಿನಲ್ಲಿ ಎರಡನೇ ಸ್ಟೇಷನ್ನೇ ಕ್ಯಾಂಬೆಲ್‌ಟೌನ್. ಅಲ್ಲಿನ ಆರ್ಟ್ಸ್ ಸೆಂಟರ್ ನಗರಸಭೆಯದ್ದು, ನಾವು ಕಟ್ಟುವ ರೇಟ್ಸ್, ಅಂದರೆ ನಗರಸಭೆಯ ಆಸ್ತಿ ತೆರಿಗೆಯ ದುಡ್ಡಿನಲ್ಲಿ ನಡೆಯುವಂಥದ್ದು. ಪಕ್ಕದಲ್ಲೇ ಜಪಾನಿನ ಕೊಶಿಗಾಯಾ ನಗರದವರು ಉಡುಗೊರೆಯಾಗಿ ಕೊಟ್ಟ ತೋಟ ಇದೆ. ಊರಿಂದ ಅಪ್ಪ ಅಮ್ಮ ಬಂದಿದ್ದರೆ ಒಂದು ಮಧ್ಯಾಹ್ನ ಕರೆದುಕೊಂಡು ಹೋಗಿ, ಅವರಿಗೂ ಹಿಡಿಸುತ್ತದೆ.

ಇಲ್ಲಿಯ ದೊಡ್ಡ ಪ್ರದರ್ಶನಕ್ಕೆ ಒಂದು ದೆವ್ವದ ಹೆಸರು! ಫಿಶರ್ಸ್ ಘೋಸ್ಟ್ ಆರ್ಟ್ ಅವಾರ್ಡ್, 1960ರ ದಶಕದಿಂದ ನಡೆದು ಬಂದಿದೆ. 1826ರಲ್ಲಿ ಫ್ರೆಡ್ರಿಕ್ ಫಿಶರ್ ಎಂಬ ರೈತ ಇದ್ದಕ್ಕಿದ್ದಂತೆ ಕಾಣೆಯಾದ. ಇಂಗ್ಲೆಂಡಿಗೆ ಹೋದ ಅಂತ ಪಕ್ಕದ ಜಮೀನಿನವನು ಹೇಳಿಕೊಂಡು ತಿರುಗಿದ. ಸ್ವಲ್ಪ ತಿಂಗಳ ಮೇಲೆ ಫಿಶರನ ದೆವ್ವ ಬೇಲಿಯ ಕಂಬಿಯ ಮೇಲೆ ಕೂತು ತೊರೆಯ ಕಡೆ ಬೆರಳು ತೋರಿಸಿತಂತೆ. ಹೆಣ ಅಲ್ಲೇ ಸಿಕ್ಕಿತು ಅನ್ನುವುದು ಊರಿನ ಕಥೆ. ಆ ಪಕ್ಕದವನಿಗೆ, ಜಾರ್ಜ್ ವೊರಾಲ್‌ಗೆ, 1827ರಲ್ಲಿ ಗಲ್ಲಾಯಿತು. ಈ ಕಥೆಯ ಹೆಸರಿನಲ್ಲಿ ಪ್ರತಿ ನವೆಂಬರ್ ಊರಹಬ್ಬ ನಡೆಯುತ್ತದೆ, ಚಿತ್ರ ಪ್ರದರ್ಶನವೂ ಅದರ ಜೊತೆಗೇ ಬರುತ್ತದೆ. ನಮ್ಮ ರಾಜ್ಯೋತ್ಸವವೂ ಅದೇ ತಿಂಗಳು ಅಲ್ವಾ, ಹಾಗಾಗಿ ನಮ್ಮವರಿಗೆ ಇದು ತಪ್ಪಿಹೋಗುತ್ತದೆ. ಎರಡಕ್ಕೂ ಹೋಗಿ.

ನೋಡುವುದಷ್ಟೇ ಅಲ್ಲ, ಚಿತ್ರ ಕಳಿಸಿ. ಶಾಲಾ ಮಕ್ಕಳಿಗೆ ಬೇರೆ ವಿಭಾಗ ಇದೆ. ಅರ್ಜಿ ಪ್ರದರ್ಶನಕ್ಕೆ ಬಹಳ ಮುಂಚೆಯೇ ಮುಗಿಯುತ್ತದೆ, ಗ್ಯಾಲರಿಯ ಇಮೇಲ್ ಪಟ್ಟಿಗೆ ಹೆಸರು ಕೊಟ್ಟಿಡಿ. ಕೆಲವು ಊರಿನ ಪ್ರದರ್ಶನಗಳಲ್ಲಿ ಕೊಟ್ಟಿದ್ದನ್ನೆಲ್ಲಾ ತೂಗುಹಾಕುತ್ತಾರೆ. ಇನ್ನು ಕೆಲವು, ಫಿಶರ್ಸ್ ಘೋಸ್ಟ್ ಥರದವು, ಮೊದಲು ಆರಿಸುತ್ತವೆ. ಆಯ್ಕೆಯಾಗದಿದ್ದರೆ ಬೇಜಾರು ಬೇಡ, ತೀರ್ಪುಗಾರರು ಪ್ರತಿ ವರ್ಷ ಅವರೇ ಇರುವುದಿಲ್ಲ. ಮುಖ್ಯ ಬಹುಮಾನ ಗೆದ್ದ ಕೃತಿ ಗ್ಯಾಲರಿಯ ಸಂಗ್ರಹಕ್ಕೆ ಸೇರುತ್ತದೆ, ವಾಪಸ್ ಬರುವುದಿಲ್ಲ. ಬಿಟ್ಟಿರಲಾಗದ್ದನ್ನು ಆ ವಿಭಾಗಕ್ಕೆ ಹಾಕಬೇಡಿ.

ಏನು ಕಳಿಸುವುದು? ಮೈಸೂರು ಶೈಲಿ ಕಲಿತವರು ನಮ್ಮಲ್ಲಿದ್ದಾರೆ. ಗೆಸ್ಸೋ ಎಂಬ ಅಂಟು ಸರಿ ಹಚ್ಚಿ ಉಬ್ಬು ಮಾಡಿ, ಮೇಲೆ ಚಿನ್ನದ ರೇಕು ಕೂರಿಸುವ ಕೆಲಸವನ್ನು ಇಲ್ಲಿಯವರು ಹತ್ತಿರ ಬಂದು ನಿಂತು ನೋಡುತ್ತಾರೆ. ಸಾಗರದ ಕಡೆಯ ದೀವರ ಹೆಣ್ಣುಮಕ್ಕಳ ಹಸೆ ಚಿತ್ತಾರವನ್ನು ಬಲ್ಲವರಿದ್ದರೆ ಇನ್ನೂ ಒಳ್ಳೆಯದು. ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚದಲ್ಲಿ ಎಳೆದ ಸಣ್ಣ ಗೆರೆ. ಆದರೆ ಸ್ವಂತ ಕೃತಿ ಇರಬೇಕು ಅನ್ನುವುದು ಎಲ್ಲೆಡೆಯ ನಿಯಮ. ಕ್ಯಾಲೆಂಡರಿನ ಲಕ್ಷ್ಮಿಯನ್ನು ಹಾಗೇ ನಕಲು ಮಾಡಿದರೆ ನಡೆಯದು. ಶೈಲಿ ಪರಂಪರೆಯದ್ದಿರಲಿ, ಚಿತ್ರ ನಿಮ್ಮದಾಗಿರಲಿ. ಎಲ್ಲಿಯ ಕಲೆ, ಯಾರ ಕೈಯಲ್ಲಿ ಬೆಳೆದದ್ದು ಅಂತ ಕೃತಿ ಟಿಪ್ಪಣಿಯಲ್ಲಿ ನಾಲ್ಕು ಸಾಲು ಬರೆಯಿರಿ.

ಇನ್ನೊಂದನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಚುಕ್ಕೆ ಚುಕ್ಕೆಯಾಗಿ ಬರೆದ ಆಬೊರಿಜಿನಲ್, ಅಂದರೆ ಈ ದೇಶದ ಮೂಲನಿವಾಸಿಗಳ, ಚಿತ್ರಗಳನ್ನು ಇಲ್ಲಿ ಎಲ್ಲೆಲ್ಲೂ ನೋಡುತ್ತೀರಿ. 1971ರ ಹೊತ್ತಿಗೆ ಮರುಭೂಮಿಯ ಪಪುನ್ಯಾ ಎಂಬಲ್ಲಿ ಅಲ್ಲಿಯ ಹಿರಿಯರು ಹಲಗೆಗಳ ಮೇಲೆ ಬರೆಯತೊಡಗಿದ ಮೇಲೆ ಆ ಕಲೆ ಜಗತ್ತಿಗೆ ತಿಳಿಯಿತು. ಅದರಲ್ಲಿ ಯಾವ ನೆಲ, ಯಾವ ಕಥೆ, ಯಾರು ಬರೆಯಬಹುದು ಅನ್ನುವುದೆಲ್ಲಾ ಅವರವರ ಹಕ್ಕು. ಚೆನ್ನಾಗಿದೆ ಅಂತ ನಾವು ಬರೆದು ಪ್ರದರ್ಶನಕ್ಕೆ ಇಟ್ಟರೆ ಅವರಿಗೆ ನೋವಾಗುತ್ತದೆ. ಕಾರ್ಯಕ್ರಮದ ಶುರುವಿನಲ್ಲಿ ಈ ನೆಲದ ಮೂಲನಿವಾಸಿಗಳಾದ ಧರವಾಲ್ ಜನರನ್ನು ನೆನೆಯುವಾಗಲೂ ಫೋನ್ ಕೆಳಗಿಟ್ಟು ಕೇಳಿ.

ತೂಗುಹಾಕುವ ವಿಷಯದಲ್ಲಿ ನಮ್ಮವರು ಜಾಸ್ತಿ ಎಡವುತ್ತಾರೆ. ಚೌಕಟ್ಟು ತಿರುಗಿಸಿ. ಎರಡೂ ಪಕ್ಕದಲ್ಲಿ, ಮೇಲಿನಿಂದ ಸುಮಾರು ಮೂರರಲ್ಲೊಂದು ಭಾಗ ಕೆಳಗೆ, ಡಿ ಆಕಾರದ ಉಂಗುರ ಸ್ಕ್ರೂ ಮಾಡಿರಬೇಕು. ನಡುವೆ ಗಟ್ಟಿ ತಂತಿ. ಅದನ್ನು ಮೇಲಕ್ಕೆ ಎಳೆದರೂ ಚೌಕಟ್ಟಿನ ಅಂಚು ದಾಟಬಾರದು, ದಾಟಿದರೆ ಗೋಡೆಯ ಮೇಲೆ ತಂತಿ ಕಾಣುತ್ತದೆ. ಹುರಿ, ಹಲ್ಲು ಹಲ್ಲಿನ ಹುಕ್ಕು ಬೇಡ. ಬಣ್ಣ ಪೂರ್ತಿ ಒಣಗಿರಲಿ. ಹೆಸರು, ಕೃತಿಯ ಹೆಸರು, ಫೋನ್ ನಂಬರ್ ಹಿಂದೆ ಅಂಟಿಸಿ. ಬೆಲೆ ಹಾಕುವಾಗ ಮಾರಾಟವಾದರೆ ಗ್ಯಾಲರಿ ಎಷ್ಟು ಹಿಡಿದುಕೊಳ್ಳುತ್ತದೆ ಅಂತ ಫಾರ್ಮಿನಲ್ಲಿ ನೋಡಿ, ಚೌಕಟ್ಟಿನ ಖರ್ಚೂ ಸೇರಿಸಿ. ಸಂಕೋಚಕ್ಕೆ ಬೆಲೆ ಇಳಿಸಬೇಡಿ, ಚೌಕಟ್ಟಿನಷ್ಟೂ ಬೆಲೆ ಸಿಗದ ಹಾಗೆ ನಮ್ಮ ಹೆಂಗಸರು ತಿಂಗಳುಗಟ್ಟಲೆಯ ಕೆಲಸ ಕೊಟ್ಟುಬಿಡುತ್ತಾರೆ.

ಉದ್ಘಾಟನೆಯ ಸಂಜೆಗೆ ಮನೆಮಂದಿಯೆಲ್ಲಾ ಹೋಗಿ. ಭಾಷಣ ಚಿಕ್ಕದು. ಆಮೇಲೆ ಜನ ಗ್ಲಾಸು ಹಿಡಿದು ಓಡಾಡುತ್ತಾರೆ, ಜ್ಯೂಸೂ ಇರುತ್ತದೆ. ಚಿತ್ರದ ಪಕ್ಕ ಕಲಾವಿದರೇ ನಿಂತಿದ್ದರೆ ಇದನ್ನು ಹೇಗೆ ಮಾಡಿದಿರಿ ಅಂತ ಕೇಳಿ, ಮಾತು ತಾನಾಗಿ ಬೆಳೆಯುತ್ತದೆ. ನಿಮ್ಮ ಚಿತ್ರದ ಹತ್ತಿರ ನೀವೂ ನಿಲ್ಲಿ, ಮೂಲೆಗೆ ಸರಿಯಬೇಡಿ. ಮಕ್ಕಳಿಗೆ ಮುಟ್ಟಬಾರದು ಅಂತ ಹೇಳಿರಿ, ಬೆನ್ನಿನ ಬ್ಯಾಗ್ ಮುಂದಕ್ಕೆ ಹಾಕಿಕೊಳ್ಳಲಿ. ಪ್ರೇಕ್ಷಕರ ಓಟು ಇದ್ದರೆ ನಮ್ಮವರದ್ದು ಅಂತ ಅಲ್ಲ, ಇಷ್ಟವಾದದ್ದಕ್ಕೆ ಹಾಕಿ.

ಕ್ಯಾಂಬೆಲ್‌ಟೌನ್ ದೂರವಾದರೆ ಕಸೂಲಾ ಸ್ಟೇಷನ್ ಪಕ್ಕದಲ್ಲೇ ಹಳೆಯ ವಿದ್ಯುತ್ ಸ್ಥಾವರದೊಳಗೆ ಪವರ್‌ಹೌಸ್ ಆರ್ಟ್ಸ್ ಸೆಂಟರ್ ಇದೆ. ಪೆನ್ರಿತ್ ಕಡೆಯವರಿಗೆ ಎಮು ಪ್ಲೇನ್ಸ್‌ನಲ್ಲಿ, ಲೂವರ್ಸ್ ಎಂಬ ಕಲಾವಿದ ದಂಪತಿ ಬಾಳಿದ ಮನೆಯಲ್ಲೇ ಗ್ಯಾಲರಿ. ಪ್ರದರ್ಶನ ಮುಗಿದ ಮೇಲೆ ಚಿತ್ರ ವಾಪಸ್ ಕೊಡುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಹೋಗುವಾಗ ಹಳೆಯ ಬೆಡ್‌ಶೀಟ್ ಒಯ್ಯಿರಿ, ಮುಂದಿನ ವರ್ಷದ ಅರ್ಜಿ ಯಾವಾಗ ಅಂತ ಅಲ್ಲೇ ಕೇಳಿಕೊಂಡು ಬನ್ನಿ.